ಮಿಶ್ರ ಬೆಳೆಯ ಬೀದಿ

ಸ್ಟೇಷನ್ ರಸ್ತೆ, ಭದ್ರಾವತಿ
7 ಫೆಬ್ರವರಿ 2026, ಶನಿವಾರ ಮಧ್ಯಾಹ್ನ

ಪ್ರೀತಿಯ ತ್ರಿವಿ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ನೀನು ಕಾರ್ಖಾನೆಯ ಫರ್ನೇಸಿನ ಹತ್ತಿರ ನಿಂತು ಬೆವರಿ ಬಂದವನೇ ತಣ್ಣೀರು ಸುರಿದುಕೊಳ್ಳುತ್ತೀಯ ಎಂದು ಕವನಾ ಹೋದ ವಾರ ನನ್ನ ಹತ್ತಿರ ದೂರು ಹೇಳಿದಳು. ಐವತ್ತರ ಹತ್ತಿರ ಬಂದ ಗಂಡಸಿಗೆ ಸ್ನಾನದ ವಿಷಯದಲ್ಲಿ ಅಕ್ಕ ಬುದ್ಧಿ ಹೇಳಬಾರದು. ಆದರೂ ಹೇಳುತ್ತೇನೆ, ನೀರು ಕಾಯಿಸಿಕೋ. ಒಡಿಶಾದ ಚಳಿ ನಮ್ಮ ಭದ್ರೆಯ ಚಳಿಯ ಹಾಗೆ ಮಾತು ಕೇಳುವುದಿಲ್ಲವಂತೆ. ಅತುಲ್‌ಗೆ ಪರೀಕ್ಷೆ ಹತ್ತಿರ ಬಂತು, ಅವನನ್ನು ಗದರಿಸಬೇಡ, ಗದರಿಸಿದರೆ ನೀನು ಓದಿದ್ದು ಎಷ್ಟು ಎಂದು ನಾನೇ ಅವನಿಗೆ ಹೇಳಬೇಕಾಗುತ್ತದೆ. ನಾನು ಚೆನ್ನಾಗಿದ್ದೇನೆ. ಮಂಡಿ ಹೇಳಿದ ಮಾತು ಕೇಳುತ್ತದೆ, ಹಲ್ಲುಗಳು ಇನ್ನೂ ನನ್ನವೇ. ಕಣ್ಣಿನ ವಿಷಯ ಮುಂದೆ ಬರೆಯುತ್ತೇನೆ.

ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನೀನು ಎಲ್ಲದಕ್ಕೂ ಹೂಂ ಎನ್ನುತ್ತೀಯ. ಆ ಹೂಂ ಒಪ್ಪಿಗೆಯೋ, ಬೇಸರವೋ, ಆಕಳಿಕೆಯೋ ನನಗೆ ಗೊತ್ತಾಗುವುದಿಲ್ಲ. ನೀನು ಕಳಿಸಿದ ಮಾರಾಟದ ಕರಾರು ಪತ್ರ ತಲುಪಿತು. ಶಿವರಾತ್ರಿ ಕಳೆದ ಮೇಲೆ ಮನೆ ಕೊಳ್ಳುವ ಶೋರೂಮಿನವರಿಂದ ಮುಂಗಡ ತೆಗೆದುಕೊಳ್ಳುತ್ತೇನೆ, ಅಷ್ಟರೊಳಗೆ ಸಹಿ ಹಾಕಿಡು ಎಂದು ಬರೆದಿದ್ದೀಯ. ಮನೆ ಇಬ್ಬರ ಹೆಸರಿನಲ್ಲಿದೆ ತ್ರಿವಿ. ಮಾತು ಮೊದಲು ಅವರಿಗೆ ಕೊಟ್ಟು ಆಮೇಲೆ ನನ್ನನ್ನು ಕೇಳಿದೆ. ನನಗೆ ಸಿಟ್ಟು ಬಂತು. ಕೇಳುವವರು ಯಾರೂ ಇಲ್ಲದಿದ್ದರೂ ಪಾತ್ರೆಗಳನ್ನು ಜೋರಾಗಿ ತೊಳೆದೆ. ಈಗ ಸಿಟ್ಟು ಇಳಿದಿದೆ, ಅದಕ್ಕೇ ಬರೆಯಲು ಕೂತಿದ್ದೇನೆ. ಈ ಮನೆ ಮಾರುವುದು ನನಗೆ ಬೇಡ. ಯಾಕೆ ಬೇಡ ಎನ್ನುವುದನ್ನು ಸಮಾಧಾನವಾಗಿ ಓದು.

ನಮ್ಮ ಬೀದಿಗೆ ಒಂದು ಯೋಜನೆ ಬರುತ್ತಿದೆ ಎಂದು ಫೋನಿನಲ್ಲಿ ಹೇಳಿದ್ದೆ, ನೀನು ಹೂಂ ಎಂದಿದ್ದೆ. ರೈಲ್ವೆ ಸ್ಟೇಷನ್ನಿನ ಸುತ್ತಲಿನ ಬೀದಿಗಳನ್ನು ಜನ ನಡೆದಾಡುವ ಹಾಗೆ ಮಾಡಲು ಸರ್ಕಾರ ಹಣ ಕೊಡುತ್ತದೆ. ಅಗಲವಾದ ಫುಟ್‌ಪಾತು, ಮುಚ್ಚಿದ ಚರಂಡಿ, ದೀಪ, ನೆರಳಿಗೆ ಮರ. ಕೆಳಗೆ ಅಂಗಡಿ, ಮೇಲೆ ಮನೆ ಇಟ್ಟುಕೊಳ್ಳುವವರಿಗೆ ಕಟ್ಟಡದ ಮುಂಭಾಗ ಸರಿಪಡಿಸಲು ಅರ್ಧ ಖರ್ಚೂ ಸಿಗುತ್ತದೆ. ನಾವು ಕೊಡಬೇಕಾದದ್ದು ಮನೆಯ ಮುಂದಿನ ಒಂದಿಷ್ಟು ಜಾಗ, ಅಪ್ಪ ಸ್ಕೂಟರು ನಿಲ್ಲಿಸುತ್ತಿದ್ದ ಜಾಗ. ಆದರೆ ಒಂದು ಷರತ್ತು ಇದೆ. ಸಾಲಿನ ಎಲ್ಲ ಮನೆಯವರೂ ಈ ತಿಂಗಳ ಕೊನೆಯೊಳಗೆ ಒಪ್ಪಿಗೆ ಕೊಡಬೇಕು. ನಡುವೆ ಒಂದು ಮನೆ ತಪ್ಪಿದರೂ ಆ ಕಡೆಯ ಸಾಲು ಪೂರ್ತಿ ಬಿಟ್ಟುಹೋಗುತ್ತದೆ. ನಮ್ಮದು ಸಾಲಿನ ನಟ್ಟನಡುವೆ ಇದೆ. ಶೋರೂಮಿನವರು ಇದನ್ನು ಕೆಡವಿ ಹಿಂದೆ ಗೋಡೌನು, ಮುಂದೆ ಪಾರ್ಕಿಂಗು ಮಾಡುತ್ತಾರೆ ಎಂದು ನೀನೇ ಬರೆದಿದ್ದೀಯ.

ಇದರ ಸಭೆ ನಡೆದ ಕಥೆ ಕೇಳು, ನಿನಗೆ ನಗು ಬರುತ್ತದೆ. ನೋಟೀಸಿನಲ್ಲಿ ‘ಸಾರ್ವಜನಿಕ ಸಾರಿಗೆ ಆಧಾರಿತ ಮಿಶ್ರ ಬಳಕೆ ಅಭಿವೃದ್ಧಿ’ ಎಂದು ಅಚ್ಚು ಹಾಕಿಸಿದ್ದರು. ಇಷ್ಟು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನನಗೇ ಅದನ್ನು ಓದುವಾಗ ಉಸಿರು ಸಾಲಲಿಲ್ಲ. ಪಕ್ಕದ ಕಟ್ಟಡದ ಮೂರ್ತಪ್ಪನವರು ನೆನಪಿದ್ದಾರಲ್ಲ, ಹೊಳೆಹೊನ್ನೂರಿನ ಹತ್ತಿರ ಅಡಿಕೆ ತೋಟ ಇರುವವರು? ಅವರು ಕನ್ನಡಕವಿಲ್ಲದೆ ಆ ನೋಟೀಸು ಓದಿದ್ದಾರೆ. ತೋಟದವರ ಕಣ್ಣಿಗೆ ಮಿಶ್ರ ಎಂದು ಬಿದ್ದ ಕೂಡಲೇ ಮುಂದಿನದು ಬೆಳೆ ಎಂದೇ ಕಾಣುತ್ತದೆ. ‘ಮಿಶ್ರ ಬೆಳೆ’ಗೆ ಸಹಾಯಧನ ಎಂದುಕೊಂಡು ಚೀಲದ ತುಂಬ ಕಾಳುಮೆಣಸಿನ ಸಸಿ ಹಿಡಿದುಕೊಂಡೇ ಸಭೆಗೆ ಬಂದುಬಿಟ್ಟರು. ಸಭೆ ಅರ್ಧವಾದ ಮೇಲೆ ಎದ್ದು ನಿಂತು, “ಎಲ್ಲ ಸರಿ ಮಾರಾಯ್ರೆ, ಪೇಟೆ ನಡುವೆ ಬಳ್ಳಿ ಯಾವ ಮರಕ್ಕೆ ಹಬ್ಬಿಸ್ತೀರಿ? ಕರೆಂಟ್ ಕಂಬಕ್ಕಾ?” ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ಶಿವಮೊಗ್ಗದಿಂದ ಬಂದಿದ್ದ ಎಂಜಿನಿಯರ್ ಹುಡುಗಿ, ಪ್ರಿಯದರ್ಶಿನಿ ಎಂದು ಹೆಸರು, ನಗು ತಡೆಯಲು ಹೋಗಿ ಕೆಮ್ಮಿದಳು. ಪಾಪ, ಮೂರ್ತಪ್ಪನವರ ಮುಖ ಚಿಕ್ಕದಾಯಿತು. ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

ಅವರು ಹೋದರೆ ಅವರ ಒಪ್ಪಿಗೆಯೂ ಹೋಗುತ್ತದೆ ಎಂದು ನಾನು ಬಾಗಿಲಲ್ಲೇ ತಡೆದೆ. ನಿಂತ ಹಾಗೆಯೇ ಬಾಯಿಗೆ ಬಂದದ್ದು ಹೇಳಿದೆ. ನೀವು ಓದಿದ್ದು ತಪ್ಪಲ್ಲ ಮೂರ್ತಪ್ಪನವರೇ, ಇದೂ ಮಿಶ್ರ ಬೆಳೆಯೇ. ನಿಮ್ಮ ತೋಟದಲ್ಲಿ ಅಡಿಕೆ ಮರದ ಬುಡವನ್ನು ಬರಿದೇ ಬಿಡುತ್ತೀರಾ? ಮರಕ್ಕೆ ಮೆಣಸು, ನಡುವೆ ಬಾಳೆ, ತಂಪಿನಲ್ಲಿ ಏಲಕ್ಕಿ, ಎಲ್ಲಕ್ಕೂ ಅದೇ ನೀರು. ಇಲ್ಲೂ ಮೇಲೆ ಮನೆ, ಕೆಳಗೆ ಅಂಗಡಿ, ಮುಂದೆ ನಡೆಯುವ ಜನ, ಎಲ್ಲಕ್ಕೂ ಒಂದೇ ಬೀದಿ. ಮನೆಯವರಿಗೆ ಅಂಗಡಿ ಹತ್ತಿರ, ಅಂಗಡಿಗೆ ಜನ ಹತ್ತಿರ, ಜನಕ್ಕೆ ರೈಲು ಹತ್ತಿರ. ಅವರು ಚೀಲ ಕೆಳಗಿಟ್ಟರು. ಬಂದು ಕೂತು ಯೋಚಿಸಿ, “ಅದೇನೋ ಸರಿ ಟೀಚರಮ್ಮ, ಆದ್ರೆ ನೀರು ಬಿಡೋರು ಯಾರು?” ಎಂದರು. ಸರ್ಕಾರ ಎಂದಳು ಪ್ರಿಯದರ್ಶಿನಿ. “ಬೇಸಿಗೇಲೂ ಬಿಡ್ತಾರಾ, ಇಲ್ಲ ಉದ್ಘಾಟನೆ ದಿನ ಮಾತ್ರಾನಾ?” ಎಂದು ಇವರು ಕೇಳಿದರು. ಆ ಪ್ರಶ್ನೆಗೆ ಯಾರೂ ನಗಲಿಲ್ಲ. ಆ ಹುಡುಗಿ ನನಗೆ ಹಿಡಿಸಿದ್ದು ಆಗ. ಕಾಗದ ಮಡಚಿಟ್ಟು, “ಮೊದಲ ಕೆಲವು ವರ್ಷ ಬಿಡ್ತೀವಿ ಸರ್, ಅದು ಬರವಣಿಗೆಯಲ್ಲಿದೆ. ಬೇರು ಹಿಡಿದ ಮೇಲೆ ನೀವೆಲ್ಲ ಸೇರಿ ನೋಡ್ಕೋಬೇಕು, ನಾನು ಸುಳ್ಳು ಹೇಳಲ್ಲ” ಎಂದಳು. ಮೂರ್ತಪ್ಪನವರು ತಲೆಯಾಡಿಸಿದರು. ಅಡಿಕೆ ಸಸಿಗೂ ಅಷ್ಟೇ ತಾನೆ. ಅಂದಿನಿಂದ ಈ ಯೋಜನೆಯ ನಿಜವಾದ ಹೆಸರನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಮಿಶ್ರ ಬೆಳೆಯೇ. ಕಚೇರಿಯವರೂ ಫೋನು ಮಾಡಿದರೆ “ಮಿಶ್ರ ಬೆಳೆ ವಿಷಯಕ್ಕೆ ಮಾಡಿದ್ದು” ಎನ್ನುತ್ತಾರೆ.

ಹೋದ ಭಾನುವಾರ ಬೆಳಿಗ್ಗೆ ನೀನು ಇಲ್ಲಿರಬೇಕಿತ್ತು. ಬೀದಿ ಹೇಗಾಗುತ್ತದೆ ಎಂದು ತೋರಿಸಲು ಮಧ್ಯಾಹ್ನದವರೆಗೆ ಗಾಡಿಗಳನ್ನು ನಿಲ್ಲಿಸಿ, ಫುಟ್‌ಪಾತು ಬರುವ ಕಡೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಹೊಳೆಯ ಕಡೆಯಿಂದ ಮಂಜು ಬಂದಿತ್ತು. ಬಾಗಿಲು ತೆಗೆದರೆ ಬೀದಿಯಲ್ಲಿ ಒಂದು ಹಾರನ್ನೂ ಇಲ್ಲ. ಸ್ಟೇಷನ್ನಿನ ಚಾವಣಿಯ ಪಾರಿವಾಳಗಳ ಗೊಣಗಾಟ ನಮ್ಮ ಜಗಲಿಗೆ ಕೇಳುತ್ತಿತ್ತು. ರಸ್ತೆ ಪೂರ್ತಿ ಖಾಲಿಯಿದ್ದರೂ ಜನ ಮೊದಮೊದಲು ಅಭ್ಯಾಸಬಲದಿಂದ ಚರಂಡಿಯ ಅಂಚಿನಲ್ಲೇ ಹಿಂದೆ ತಿರುಗಿ ತಿರುಗಿ ನೋಡುತ್ತ ನಡೆಯುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ನಡುವಿಗೆ ಬಂದರು. ಪೇಪರ್ ಟೌನ್ ಕಡೆಯ ಹೆಂಗಸರು ತಮಿಳಿನಲ್ಲಿ ಹರಟುತ್ತ ಕೈಕೈ ಹಿಡಿದು ಹೋದರು. ಒಬ್ಬ ಮುದುಕಪ್ಪ ರಸ್ತೆಯ ಮಧ್ಯದಲ್ಲಿ ನಿಂತು ನಿಧಾನವಾಗಿ ಪಂಚೆ ಬಿಚ್ಚಿ ಸರಿಯಾಗಿ ಉಟ್ಟುಕೊಂಡ. ಇಷ್ಟು ದಿನ ಅವನಿಗೆ ಅದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲವೇನೋ. ನಾನು ಎಚ್ಚರವಾಗಿದ್ದೇನೆಯೋ ಇಲ್ಲವೋ ಎಂದು ನನಗೇ ಅನುಮಾನ ಬಂತು.

ಮಾರನೆಯ ದಿನ ಇನ್ನೊಂದು ನಡೆಯಿತು. ಇದನ್ನು ಯಾವ ಕಚೇರಿಯೂ ಹೇಳಿಕೊಟ್ಟಿರಲಿಲ್ಲ. ಬೆಳಗ್ಗೆ ಎದ್ದು ಸಾಲಿನ ಹೆಂಗಸರು ಬಾಗಿಲಿಗೆ ನೀರು ಹಾಕುವಾಗ, ಮೆಟ್ಟಿಲ ಕೆಳಗೆ ನಿಲ್ಲಿಸದೆ ಸುಣ್ಣದ ಗೆರೆಯವರೆಗೂ ಹಾಕಿದರು. ರಂಗೋಲಿಯನ್ನೂ ಅಲ್ಲಿಯವರೆಗೆ ತಂದರು. ಒಬ್ಬರನ್ನು ನೋಡಿ ಇನ್ನೊಬ್ಬರು ಬಿಡಿಸಿದರು, ನಾನೂ ಬಿಡಿಸಿದೆ, ಒಂದು ಎಳೆ ಸೊಟ್ಟಗಾಯಿತು. ಗಾಡಿಗಳು ಎಂದಿನಂತೆ ಬಂದವು. ಆದರೆ ಆಟೋದವರು ರಂಗೋಲಿ ಕಂಡು ಹ್ಯಾಂಡಲ್ ತಿರುಗಿಸಿಕೊಂಡು ಹೋದರು. ಪ್ರಿಯದರ್ಶಿನಿ ಬಂದು ನೋಡಿ, “ಮೇಡಂ, ನಾವು ಕಲ್ಲು ಕಂಬ ನಿಲ್ಲಿಸ್ಬೇಕು ಅಂತಿದ್ವಿ” ಎಂದಳು. ಕಲ್ಲುಕಂಬವನ್ನೂ ನಿಲ್ಲಿಸಮ್ಮ, ಶ್ರಾವಣ ಬಿಟ್ಟರೆ ಉಳಿದ ದಿನ ರಂಗೋಲಿಗೆ ನಮಗೆ ಸೋಮಾರಿತನ ಎಂದೆ.

ಅವತ್ತಿನಿಂದ ನನಗೆ ಹಗಲುಗನಸಿನ ಚಟ ಹತ್ತಿದೆ. ಸಂಜೆ ಶಿವಮೊಗ್ಗದ ಶಾಲೆ ಮುಗಿಸಿ ರೈಲಿಳಿದು ಬರುವಾಗ ಇಲ್ಲದ ಮರಗಳ ನೆರಳಿನಲ್ಲಿ ನಡೆಯುತ್ತೇನೆ. ಇಲ್ಲದ ಬೆಂಚಿನ ಮೇಲೆ ಯಾರೋ ಗುರುತಿನವರು ಕೂತಿರುತ್ತಾರೆ, ಅವರನ್ನು ಮಾತಾಡಿಸುತ್ತೇನೆ. ಎಲ್ಲ ಮನೆಯ ಕೆಳಗೂ ಬಾಗಿಲು ತೆರೆದು ದೀಪ ಹತ್ತಿರುತ್ತದೆ. ನಮ್ಮ ಮನೆಯ ಮುಂದಿನ ಕೋಣೆಯಿಂದ ಟಕಟಕ ಎಂದು ಟೈಪಿನ ಸದ್ದು ಬರುತ್ತಿರುತ್ತದೆ. ಅದು ಕನಸೂ ಅಲ್ಲ ಬಿಡು, ನಾವು ಕಂಡದ್ದೇ. ಕೆಳಗೆ ಅಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟು, ಮೇಲೆ ನಾವು. ತರೀಕೆರೆಯಿಂದ, ಕುಂಸಿಯಿಂದ ರೈಲಿನಲ್ಲಿ ಬರುತ್ತಿದ್ದ ಹುಡುಗ ಹುಡುಗಿಯರು ಸ್ಟೇಷನ್ನಿನಿಂದ ನಡೆದುಕೊಂಡೇ ಬಂದು, ಪಾಠ ಮುಗಿಸಿ, ಅಮ್ಮನ ಮಜ್ಜಿಗೆ ಕುಡಿದು ವಾಪಸು ರೈಲು ಹಿಡಿಯುತ್ತಿದ್ದರು. ಆ ಸದ್ದು ನಿಂತರೆ ನಿನಗೆ ನಿದ್ದೆ ಬರುತ್ತಿರಲಿಲ್ಲ. ರಜೆಯ ದಿನ ನಿನ್ನನ್ನು ಮಲಗಿಸಲು ಅಪ್ಪ ಸುಮ್ಮಸುಮ್ಮನೆ ಒಂದು ಹಾಳೆ ಟೈಪು ಮಾಡುತ್ತಿದ್ದರು. ನಾವು ಹುಟ್ಟಿನಿಂದಲೇ ಮಿಶ್ರ ಬೆಳೆ ಕಣೋ. ಆಗ ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಅಷ್ಟೇ.

ಆ ಕೋಣೆಗೆ ಈಗಾಗಲೇ ಗಿರಾಕಿ ಇದ್ದಾರೆ. ಸ್ಟೇಷನ್ನಿನ ಎದುರು ಬುಟ್ಟಿಯಲ್ಲಿ ಜೋಳದ ರೊಟ್ಟಿ ಮಾರುವ ಹುಲಿಗೆಮ್ಮ, ಕೊಪ್ಪಳದ ಕಡೆಯವಳು. ಅಲ್ಲೇ ಬಿಸಿಬಿಸಿ ಬಡಿದು ಕೊಡುತ್ತೇನೆ ಎನ್ನುತ್ತಾಳೆ. “ಅಕ್ಕಾರ, ಆ ಬಾಗ್ಲಾ ಒಮ್ಮಿ ತಗೀರಿ, ರೊಟ್ಟಿ ವಾಸ್ನಿಗೆ ರೈಲೂ ನಿಂದ್ರತೈತಿ” ಎನ್ನುವುದು ಅವಳ ದಿನದ ಮಾತು. ರೈಲು ಹೇಗೂ ಇಲ್ಲಿ ನಿಲ್ಲುತ್ತದೆ ಎಂದರೆ, “ನಿಂತದ್ದು ಹೋಗಂಗಿಲ್ರಿ” ಎನ್ನುತ್ತಾಳೆ.

ಇನ್ನು ಮನೆ ಮಾರಿದ ಮೇಲೆ ನನ್ನನ್ನು ಇರಿಸುತ್ತೇನೆ ಎಂದು ನೀನು ಹೇಳುವ ಬೈಪಾಸಿನ ಲೇಔಟು. ನೋಡದೆ ಬೇಡ ಎಂದಳು ಎನ್ನಬಾರದು ಎಂದು ಹೋಗಿ ನೋಡಿ ಬಂದೆ. ನೀನು ಯಾಕೆ ಆರಿಸಿದೆ ಎನ್ನುವುದೂ ನನಗೆ ಗೊತ್ತು. ಮೆಟ್ಟಿಲಿಲ್ಲದ ಮನೆ, ಕಾವಲಿನವನಿರುವ ಗೇಟು, ನೀನು ರಿಟೈರಾಗಿ ಬಂದರೆ ಪಕ್ಕದ ಸೈಟಿನಲ್ಲೇ ಇರುವುದು. ನನ್ನನ್ನು ನೆನೆದೇ ಮಾಡಿದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಸ್ಸಿಳಿದು ಅಲ್ಲಿಗೆ ನಡೆದು ಹೋಗುವಾಗ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಲಾರಿ, ಇನ್ನೊಂದು ಕಡೆ ಮುಳ್ಳುತಂತಿ. ಗೇಟಿನವನು ನನ್ನನ್ನು ನೋಡಿ ಗಾಬರಿಯಿಂದ ಎದ್ದು ಬಂದು, “ಗಾಡಿ ಎಲ್ಲಿ ಮೇಡಂ? ಕೆಟ್ಟೋಯ್ತಾ?” ಎಂದ. ಇಲ್ಲಪ್ಪ, ನಡ್ಕೊಂಡು ಬಂದೆ ಎಂದೆ. “ಯಾಕೆ, ಏನಾಯ್ತು?” ಎಂದ. ಪಾಪ, ಒಳ್ಳೆಯವನು, ಕುರ್ಚಿ ಕೊಟ್ಟು ನೀರು ಕೊಟ್ಟ. ನಡೆದು ಬಂದವರಿಗೆ ಏನೋ ಆಗಿದೆ ಎಂದು ತಿಳಿಯುವ ಊರಿನಲ್ಲಿ ನಾನು ಹೇಗಿರಲಿ? ಕೊತ್ತಂಬರಿ ಸೊಪ್ಪಿಗೂ ಯಾರದ್ದಾದರೂ ಬೈಕಿಗೆ ಕಾಯಬೇಕು. ಮನೆಗಳು ಚೆನ್ನಾಗಿದ್ದವು, ಮನುಷ್ಯರು ಮಾತ್ರ ಕಾಣಲಿಲ್ಲ.

ಈಗ ಕಣ್ಣಿನ ವಿಷಯ. ಗಾಬರಿಯಾಗಬೇಡ. ದೀಪಾವಳಿಯ ಹೊತ್ತಿಗೆ ಶಿವಮೊಗ್ಗದಲ್ಲಿ ತೋರಿಸಿದೆ. ಶಾಲೆಯ ಕಾರಿಡಾರಿನಲ್ಲಿ ಪಕ್ಕದಿಂದ ಬಂದ ಮಕ್ಕಳಿಗೆ ಡಿಕ್ಕಿ ಹೊಡೆಯುತ್ತಿದ್ದೆ, ಮಕ್ಕಳೇ ಕ್ಷಮೆ ಕೇಳುತ್ತಿದ್ದರು. ಗ್ಲಾಕೋಮಾ ಎಂದರು ಡಾಕ್ಟರು. ಕಣ್ಣೊಳಗೆ ಒತ್ತಡ ಏರಿ, ಅಕ್ಕಪಕ್ಕದ ನೋಟ ಮೊದಲು ಹೋಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಮದ್ದು ಕೊಟ್ಟಿದ್ದಾರೆ, ತಪ್ಪದೆ ಹಾಕಿಕೊಳ್ಳುತ್ತಿದ್ದೇನೆ. ಎದುರಿಗಿನದು ಚೆನ್ನಾಗಿ ಕಾಣುತ್ತದೆ. ಓದುತ್ತೇನೆ, ಬರೆಯುತ್ತೇನೆ, ಮಕ್ಕಳ ಕಾಗುಣಿತದ ತಪ್ಪು ಇನ್ನೂ ನನ್ನಿಂದ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಗಾಡಿ ಕಲಿಯುವ ಕಾಲ ಮುಗಿಯಿತು ತ್ರಿವಿ. ಪಕ್ಕದಿಂದ ಬರುವ ಲಾರಿ ನನಗೆ ಮೈಮೇಲೆ ಬಂದ ಮೇಲೇ ಗೊತ್ತಾಗುವುದು.

ನಿನಗೆ ಹೇಳಲಿಲ್ಲ, ಹೇಳಿದ್ದರೆ ನೀನು ನನ್ನನ್ನು ಆ ಗೇಟಿನ ಮನೆಗೆ ಇನ್ನೂ ಬೇಗ ಸೇರಿಸುತ್ತಿದ್ದೆ. ಕಣ್ಣು ಕಡಿಮೆಯಾಗುವವಳಿಗೆ ಕಾವಲಿನವನು ಬೇಡ, ಪರಿಚಯದ ಬೀದಿ ಬೇಕು. ಇಲ್ಲಿ ಹಿಟ್ಟಿನ ಗಿರಣಿ ಬಂತೆಂದು ಮೂಗಿಗೆ ತಿಳಿಯುತ್ತದೆ, ಸೈಕಲ್ ಶಾಪು ಬಂತೆಂದು ಕಿವಿಗೆ. ಎಡವಿದರೆ ಕೈ ಹಿಡಿಯುವವರ ಹೆಸರು ಗೊತ್ತು. ಚರಂಡಿ ಮುಚ್ಚಿ, ಕಾಲಿಗೆ ಸಮವಾದ ದಾರಿ ಮಾಡಿಕೊಟ್ಟರೆ ನಾನು ಕತ್ತಲಾದ ಮೇಲೂ ಯಾರ ಹಂಗೂ ಇಲ್ಲದೆ ರೈಲಿಗೆ ಹೋಗಿ ಬರಬಲ್ಲೆ. ಕೆಲಸ ಇರುವಷ್ಟು ದಿನ ಕೆಲಸಕ್ಕೆ, ಆಮೇಲೆ ಸುಮ್ಮನೆ. ಸರ್ಕಾರದ ಹಣ ಸಿಮೆಂಟಿಗೆ ಹೋಗುತ್ತದೆ ಎಂದು ನೀನು ಬೈಯುತ್ತೀಯಲ್ಲ, ನನ್ನ ಮಟ್ಟಿಗೆ ಆ ಸಿಮೆಂಟು ನನ್ನ ಎರಡು ಕಾಲು. ಭಯವಾಗುತ್ತದೆ, ಇಲ್ಲ ಎನ್ನುವುದಿಲ್ಲ. ಕಣ್ಣು ಹೋಗುತ್ತದೆ ಎಂದು ಅಷ್ಟಾಗಿ ಅಲ್ಲ. ಒಂದು ಕಡೆ ಕೂರಿಸಿಬಿಡುತ್ತಾರೆ ಎಂದು ಭಯ.

ಮೊನ್ನೆ ಮೂರ್ತಪ್ಪನವರು ಒಪ್ಪಿಗೆ ಕೊಟ್ಟು ಬರುವಾಗ ನಮ್ಮ ಜಗಲಿಯಲ್ಲಿ ಕೂತರು. “ಸಾಲಲ್ಲಿ ಒಂದು ಮರ ಹೋದ್ರೆ ಪಕ್ಕದ ಮರದ ಕಾಂಡ ಬಿಸಿಲಿಗೆ ಸುಟ್ಟೋಗ್ತದೆ ಟೀಚರಮ್ಮ. ನಿಮ್ಮ ತಮ್ಮ ಏನಂತಾರೆ?” ಎಂದರು. ಬರೀತೀನಿ ಎಂದೆ. ನಿನ್ನ ಮೇಲೆ ದೂರು ಹೇಳಲಿಲ್ಲ, ಹೇಳಲು ಮನಸ್ಸೂ ಬರಲಿಲ್ಲ. ಬೀದಿಯಲ್ಲಿ ಎಲ್ಲರ ಒಪ್ಪಿಗೆಯೂ ಆಗಿದೆ, ಉಳಿದದ್ದು ನಮ್ಮದು. ಶೋರೂಮಿನವರಿಗೆ ನೀನು ಮಾತು ಕೊಟ್ಟಿದ್ದೀಯ, ಹಿಂದೆ ತೆಗೆದುಕೊಂಡರೆ ನಿನಗೆ ಮುಖಭಂಗ, ಅದೂ ನನಗೆ ಗೊತ್ತಿದೆ. ಅಕ್ಕ ಹಟ ಹಿಡಿದಳು ಎಂದು ನನ್ನ ಮೇಲೆ ಹಾಕು. ಆ ಹೆಸರು ನನಗೆ ಮೊದಲಿನಿಂದಲೂ ಇದೆ, ಹೊಸದಾಗಿ ಕೆಡುವುದೇನಿಲ್ಲ.

ಕವನಾಳಿಗೆ ಹುರಿಹಿಟ್ಟು ಕಳಿಸಿದ್ದೇನೆ, ಅವಳಿಗೆ ಎಂದು ಬರೆದಿದ್ದೇನೆ, ನೀನು ಮುಗಿಸಬೇಡ. ಅತುಲ್‌ಗೆ ಅತ್ತೆಯ ಮುತ್ತು, ಹದಿನಾರು ವರ್ಷವಾದರೂ ತೆಗೆದುಕೊಳ್ಳಲೇಬೇಕು ಎಂದು ಹೇಳು. ನಿನ್ನ ಬೆನ್ನು ನೆಟ್ಟಗಿರಲಿ, ಮನಸ್ಸು ಹಗುರವಾಗಿರಲಿ, ಮೂವರನ್ನೂ ದೇವರು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಸತ್ಯಭಾಮಾ

ಬಿಟ್ಟುಹೋದದ್ದು: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕಣ್ಣಿನ ವಿಷಯ ಮೇಲೆ ಅರ್ಧ ಮಾತ್ರ ಬರೆದೆ. ಬಲಗಣ್ಣು ಆಗಲೇ ಹೋಗಿದೆ, ಅದಕ್ಕೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಈ ಕಾಗದ ಪೂರ್ತಿ ಎಡಗಣ್ಣಿನಲ್ಲಿ ಬರೆದದ್ದು. ಗೆರೆ ಕಾಣುತ್ತಿರುವಾಗಲೇ ಮುಗಿಸಿಬಿಡೋಣ ಎಂದು ಎರಡಕ್ಕೂ ನನ್ನ ಸಹಿ ಹಾಕಿಟ್ಟಿದ್ದೇನೆ, ಬೀದಿಯ ಒಪ್ಪಿಗೆಗೂ, ನಿನ್ನ ಮಾರಾಟದ ಕರಾರಿಗೂ. ನಿನ್ನ ಸಹಿ ಅಂಚೆಯಲ್ಲಿ ಕಳಿಸಬೇಡ, ನೀನೇ ಬಾ. ಸ್ಟೇಷನ್ನಿನಲ್ಲಿ ಆಟೋ ಹತ್ತಬೇಡ, ನಾನು ಬಂದಿರುತ್ತೇನೆ. ಅಲ್ಲಿಂದ ಮನೆಯವರೆಗೆ ಒಂದು ಸಲ ನನ್ನ ಜೊತೆ ನಡೆ. ಆಮೇಲೆ ಯಾವುದಕ್ಕೆ ಬೇಕೋ ಅದಕ್ಕೆ ಸಹಿ ಹಾಕು.